ಮಡಿ ಬೇರೆ, ಶುಚಿ ಬೇರೆ

ನಮಗೆ ಉಚ್ಚೆ ಬರುವುದು ಗೊತ್ತಾಗುವುದಿಲ್ಲ. ಈ ಮಾತನ್ನು ಮೊದಲಿಗೇ ಹೇಳಿಬಿಡ್ತೀವಿ. ಇದನ್ನು ಹೇಳಲು ನಾಚಿಕೊಂಡೇ ನಮ್ಮಲ್ಲಿ ಇಬ್ಬರು ಸತ್ತರು.

ಎಂಟು ಜನ ಇದ್ದೆವು. ಈಗ ಆರು ಜನ ಇದ್ದೀವಿ. ತುಮಕೂರು ಸೀಮೆಯ ಬೇರೆ ಬೇರೆ ಹಳ್ಳಿಯವರು. ಒಬ್ಬ ತೆಂಗಿನ ಮರದಿಂದ ಬಿದ್ದವನು. ಒಬ್ಬ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ ಸಾರುವೆಯಿಂದ ಬಿದ್ದವನು. ಒಬ್ಬ ಕೂಲಿಗೆ ಟ್ರ್ಯಾಕ್ಟರ್ ಓಡಿಸುವಾಗ ಅದು ಮಗುಚಿ ಅಡಿಗೆ ಸಿಕ್ಕವನು. ಒಬ್ಬ ಮಂಡಿಯಲ್ಲಿ ಮೂಟೆ ಹೊತ್ತು ಹಲಗೆ ಮೇಲೆ ನಡೆಯುವಾಗ ಜಾರಿದವನು. ಒಬ್ಬಳು ಪಾಯ ತೋಡುತ್ತಿದ್ದಳು, ಮಣ್ಣು ಕುಸಿದು ಸೊಂಟದ ಮೇಲೆ ಬಿತ್ತು. ಇನ್ನೊಬ್ಬಳು ಬೀಳಲೂ ಇಲ್ಲ. ಬೆನ್ನುಮೂಳೆಗೆ ಕ್ಷಯ ಹತ್ತಿತು, ಬೆನ್ನುನೋವು ಅಂತ ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿಸಿದರು, ಒಂದು ದಿನ ಕಾಲು ಸ್ವಾಧೀನ ತಪ್ಪಿತು. ಸತ್ತವರಿಬ್ಬರ ವಿಷಯ ಮುಂದೆ ಬರುತ್ತೆ. ಬಿದ್ದ ಜಾಗ ಬೇರೆ ಬೇರೆ. ಆದರೆ ಸ್ವಂತ ಮರದಿಂದ ಬಿದ್ದವರು, ಸ್ವಂತ ಮನೆ ಕಟ್ಟುವಾಗ ಬಿದ್ದವರು ನಮ್ಮಲ್ಲಿ ಒಬ್ಬರೂ ಇಲ್ಲ.

ಈ ಬರಹದ ಅಕ್ಷರ ಒಬ್ಬರದು. ಮಾತು ಎಲ್ಲರದು. ಹಾಗಾಗಿ 'ನಾವು' ಅಂತಲೇ ಬರೀತೀವಿ.

ಜನ ನಮ್ಮನ್ನು ನೋಡಿದಾಗ ಮೊದಲು ಕಾಲು ನೋಡ್ತಾರೆ. 'ಅಯ್ಯೋ ಪಾಪ, ನಡೆಯೋಕಾಗಲ್ವಲ್ಲ' ಅಂತಾರೆ. ನಡೆಯೋಕಾಗದೆ ಯಾರೂ ಸಾಯೋದಿಲ್ಲ ಸ್ವಾಮಿ. ಉಚ್ಚೆ ಕಟ್ಟಿದರೆ ಸಾಯ್ತಾರೆ. ಗಾಲಿಕುರ್ಚಿಯನ್ನು ವೇದಿಕೆ ಮೇಲೆ ಕೊಡ್ತಾರೆ, ಹಾರ ಹಾಕ್ತಾರೆ, ಫೋಟೋ ಹಿಡೀತಾರೆ. ನಮ್ಮ ಜೀವ ಉಳಿಸೋ ಪೈಪನ್ನು ಯಾರೂ ವೇದಿಕೆ ಮೇಲೆ ಕೊಟ್ಟದ್ದನ್ನು ನಾವು ಕಂಡಿಲ್ಲ. ಉಚ್ಚೆ ಪೈಪು ಕೈಯಲ್ಲಿ ಹಿಡಿದು ಫೋಟೋಕ್ಕೆ ನಿಲ್ಲೋ ಮಂತ್ರಿ ಎಲ್ಲಿದ್ದಾನೆ?

ವಿಷಯ ಇಷ್ಟೇ. ಮೂತ್ರಕೋಶ ಒಂದು ಮಾಂಸದ ಚೀಲ. ಅದು ತುಂಬಿತು ಅನ್ನೋ ಸುದ್ದಿ ಬೆನ್ನುಹುರಿಯ ಮೂಲಕ ಮಿದುಳಿಗೆ ಹೋಗಬೇಕು. 'ಈಗ ಬಿಡು' ಅನ್ನೋ ಅಪ್ಪಣೆ ಅದೇ ದಾರಿಯಲ್ಲಿ ಕೆಳಗೆ ಬರಬೇಕು. ಹುರಿ ತುಂಡಾದರೆ ಸುದ್ದಿಯೂ ಹೋಗಲ್ಲ, ಅಪ್ಪಣೆಯೂ ಬರಲ್ಲ. ಚೀಲ ಉಬ್ಬುತ್ತಾ ಹೋಗುತ್ತೆ. ಇಲ್ಲವೇ ಚೀಲ ತನ್ನಷ್ಟಕ್ಕೆ ತಾನು ಹಿಂಡುತ್ತೆ, ಬಾಯಿ ಮಾತ್ರ ಬಿಗಿದುಕೊಂಡಿರುತ್ತೆ. ಒತ್ತಡ ಹೆಚ್ಚಿ ಉಚ್ಚೆ ಮೇಲಕ್ಕೆ, ಕಿಡ್ನಿಗೆ ನುಗ್ಗುತ್ತೆ. ಕಿಡ್ನಿ ಸದ್ದಿಲ್ಲದೆ ಕೆಡುತ್ತೆ. ನೋವಿಲ್ಲ. ನೋವಿನ ದಾರಿಯೇ ಕಡಿದುಹೋಗಿದೆಯಲ್ಲ.

ಬಿದ್ದ ದಿನವೇ ದೊಡ್ಡಾಸ್ಪತ್ರೆಯಲ್ಲಿ ನಮಗೆಲ್ಲ ಪೈಪು ಹಾಕಿದರು. ತುದಿಯಲ್ಲಿ ಪುಟ್ಟ ಬಲೂನಿರುವ ರಬ್ಬರ್ ಪೈಪು. ಫೋಲಿ ಅಂತಾರೆ. ಅಮೆರಿಕದ ಫೋಲಿ ಅನ್ನೋ ಡಾಕ್ಟರ ಹೆಸರು ಅದು. ಒಳಗೆ ಹೋದ ಮೇಲೆ ಬಲೂನಿಗೆ ನೀರು ತುಂಬ್ತಾರೆ, ಜಾರಿ ಬರದ ಹಾಗೆ. ಇನ್ನೊಂದು ತುದಿಗೆ ಚೀಲ. ಡಿಸ್ಚಾರ್ಜ್ ಮಾಡುವಾಗ ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದು ಕೊಟ್ಟರು. ಪೈಪು ಯಾವಾಗ ಬದಲಾಯಿಸಬೇಕು, ಯಾರು ಬದಲಾಯಿಸಬೇಕು ಅಂತ ಬಾಯಿಬಿಟ್ಟು ಯಾರೂ ಹೇಳಲಿಲ್ಲ. ತೆಂಗಿನ ಮರದವನ ಅವ್ವ ಆ ಚೀಟಿಯನ್ನು ದೇವರ ಫೋಟೋ ಹಿಂದೆ ಜೋಪಾನವಾಗಿ ಇಟ್ಟಳು. ಅದರಲ್ಲಿ ಏನಿದೆ ಅಂತ ಓದಿದವರು ಯಾರೂ ಇಲ್ಲ. ನಾಲ್ಕು ತಿಂಗಳು ಅದೇ ಪೈಪು ಇತ್ತು.

ಮಾಮೂಲಿ ರಬ್ಬರ್ ಪೈಪನ್ನು ಹೆಚ್ಚೆಂದರೆ ಮೂರು ನಾಲ್ಕು ವಾರಕ್ಕೆ ಬದಲಾಯಿಸಬೇಕು. ಸಿಲಿಕಾನಿನದಾದರೆ ಮೂರು ತಿಂಗಳವರೆಗೆ ಬರಬಹುದು, ದುಡ್ಡು ಜಾಸ್ತಿ. ಬದಲಾಯಿಸದಿದ್ದರೆ ಏನಾಗುತ್ತೆ? ಪೈಪಿಗೆ ಕೆಲವು ಕ್ರಿಮಿಗಳು ಅಂಟಿಕೊಂಡು ಉಚ್ಚೆಯನ್ನು ಕ್ಷಾರ ಮಾಡ್ತಾವೆ. ಆಗ ಉಚ್ಚೆಯೊಳಗಿನ ಲವಣ ಹರಳುಗಟ್ಟುತ್ತೆ. ಹಳೇ ತಾಮ್ರದ ಹಂಡೆಯೊಳಗೆ ಉಪ್ಪುನೀರಿನ ಬಿಳಿ ಕರೆ ಕಟ್ಟುತ್ತಲ್ಲ, ಹಾಗೆ. ಪೈಪು ಒಳಗೇ ಕಟ್ಟಿಹೋಗುತ್ತೆ. ಬಲೂನಿನ ಮೇಲೂ ಹರಳು ಕೂತುಬಿಟ್ಟರೆ ಎಳೆದಾಗ ಗರಗಸದ ಹಾಗೆ ಕೊಯ್ಯುತ್ತೆ. ತೆಂಗಿನ ಮರದವನಿಗೆ ಆದದ್ದು ಅದೇ.

ಪೈಪು ಬದಲಾಯಿಸಿಕೊಳ್ಳಲು ನಾವು ತಿರುಗಿದ್ದನ್ನು ಬರೆದರೆ ಒಂದು ಪುರಾಣ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ 'ಇಲ್ಲಿ ಹಾಕಲ್ಲ, ತಾಲ್ಲೂಕಿಗೆ ಹೋಗಿ' ಅಂದರು. ತಾಲ್ಲೂಕಿನಲ್ಲಿ 'ಪೈಪು ಸ್ಟಾಕಿಲ್ಲ, ಹೊರಗಿಂದ ತನ್ನಿ' ಅಂದರು. ತಂದರೆ 'ಸೈಜು ತಪ್ಪು' ಅಂದರು. ಬಸ್ಸಿಗೆ ನಮ್ಮನ್ನು ಹತ್ತಿಸೋಕಾಗಲ್ಲ, ಆಟೋ ಬೇಕು. ಆಟೋ ಬಾಡಿಗೆ ಅಂದರೆ ಮನೆಯವರ ಎರಡು ದಿನದ ಕೂಲಿ. ಜೊತೆಗೆ ಬಂದವರ ಕೂಲಿಯೂ ಹೋಯ್ತು. ಪೈಪಿಗಿಂತ ಪೈಪಿನ ದಾರಿಯೇ ದುಬಾರಿ.

ಒಂದು ಸಲ ಮಂಡಿಯವನಿಗೆ ಪೈಪು ಹಾಕುವಾಗ ಅದು ಪೂರಾ ಒಳಗೆ ಹೋಗಿರಲಿಲ್ಲ. ಉಚ್ಚೆ ಬಂತೋ ಇಲ್ಲವೋ ನೋಡದೆ ಬಲೂನಿಗೆ ನೀರು ಬಿಟ್ಟರು. ಬಲೂನು ಮೂತ್ರನಾಳದಲ್ಲೇ ಉಬ್ಬಿತು. ನೋವು ಗೊತ್ತಾಗೋ ಮನುಷ್ಯನಾಗಿದ್ದರೆ ಕಿರುಚಿಕೊಳ್ತಿದ್ದ. ಇವನು ಮಾಡು ನೋಡುತ್ತಾ ಮಲಗಿದ್ದ. ಚೀಲದೊಳಗೆ ರಕ್ತ ಇಳಿಯೋದನ್ನು ಮೊದಲು ನೋಡಿದ್ದು ಅವನ ಆರು ವರ್ಷದ ಮಗಳು. 'ಅಪ್ಪಾ, ನಿನ್ನ ಚೀಲ ಕೆಂಪಗಾಯ್ತು' ಅಂದಳು. ಹಾಕಿದವರು ಕೆಟ್ಟವರಲ್ಲ. ಅವರಿಗೆ ಯಾರೂ ಸರಿಯಾಗಿ ಕಲಿಸಿರಲಿಲ್ಲ. ಉಚ್ಚೆ ಹರಿದು ಬಂದ ಮೇಲೇ ಬಲೂನು ತುಂಬಬೇಕು ಅನ್ನೋ ಒಂದು ಸಾಲಿನ ಪಾಠ.

ಈಗ ಸತ್ತವರ ವಿಷಯ.

ಒಬ್ಬ ಲಾರಿ ಕ್ಲೀನರ್ ಆಗಿದ್ದ. ಕತ್ತಿನ ಮೂಳೆ ಮುರಿದಿತ್ತು. ಅಣ್ಣನ ಮನೆಯಲ್ಲಿದ್ದ. 2018ರ ಬೇಸಿಗೆ. ರಾತ್ರಿ ತ್ರೀಫೇಸ್ ಕರೆಂಟು ಬರೋ ಹೊತ್ತು, ಅಣ್ಣ ತೋಟಕ್ಕೆ ನೀರು ಹಾಯಿಸಲು ಹೋಗಿದ್ದ. ಮನೆಯಲ್ಲಿ ಅತ್ತಿಗೆ, ಮಕ್ಕಳು. ಇವನಿಗೆ ತಲೆ ಸಿಡಿಯೋಕೆ ಶುರುವಾಯ್ತು. ಮುಖ ಕೆಂಪಾಯ್ತು, ಹಣೆ ಕತ್ತಿನ ತುಂಬ ಬೆವರು. ಅತ್ತಿಗೆ ಕೇಳಿದಳು: 'ಏನಾಯ್ತು ಮೈದುನಪ್ಪ?' 'ತಲೆನೋವು ಅತ್ಗೆ, ಒಂದು ಮಾತ್ರೆ ಕೊಡಿ' ಅಂದ. ಪೈಪು ನೋಡಿ ಅಂತ ಹೇಳಲಿಲ್ಲ. ಹೇಗೆ ಹೇಳ್ತಾನೆ? ಪಂಚೆ ಎತ್ತಿ ನೋಡಬೇಕಲ್ಲ. ಬೆಳಿಗ್ಗೆ ಆಸ್ಪತ್ರೆಗೆ ಒಯ್ದರು. ಬಿ.ಪಿ. ಏರಿದೆ ಅಂತ ಬಿ.ಪಿ. ಮಾತ್ರೆ ಕೊಟ್ಟರು. ಹೊದಿಕೆ ಸರಿಸಿ ಯಾರೂ ನೋಡಲಿಲ್ಲ. ಮಧ್ಯಾಹ್ನಕ್ಕೆ ತಲೆಯೊಳಗೆ ರಕ್ತನಾಳ ಒಡೆಯಿತು. ಹೆಣ ಒರೆಸಲು ಬಂದ ಆಯಾ ಹೊದಿಕೆ ತೆಗೆದಾಗ ಕಂಡದ್ದು: ಪೈಪು ತೊಡೆ ಕೆಳಗೆ ಮಡಿಚಿಕೊಂಡಿತ್ತು. ಚೀಲ ಖಾಲಿ. ಹೊಟ್ಟೆ ಮಡಕೆಯ ಹಾಗೆ ಉಬ್ಬಿತ್ತು. ಒಂದು ಮಡಿಕೆ ಬಿಡಿಸಿದ್ದರೆ ಸಾಕಿತ್ತು.

ಇದನ್ನು ಎಲ್ಲರೂ ಗಟ್ಟಿಮಾಡಿಕೊಳ್ಳಬೇಕು. ಎದೆಯ ಆರನೇ ಬೆನ್ನುಮೂಳೆ ಅಥವಾ ಅದಕ್ಕಿಂತ ಮೇಲೆ ಹುರಿ ಕಡಿದವರಿಗೆ ಉಚ್ಚೆ ಕಟ್ಟಿದರೆ ಮೈ ಹುಚ್ಚೆದ್ದು ಬಿ.ಪಿ. ಏರಿಸಿಬಿಡುತ್ತೆ. ನಮ್ಮಂಥವರ ಬಿ.ಪಿ. ಮಾಮೂಲಿಗಿಂತ ಕಮ್ಮಿನೇ ಇರುತ್ತೆ. ಹಾಗಾಗಿ ಬೇರೆಯವರಿಗೆ ಸಾಧಾರಣ ಅನ್ನಿಸೋ ಅಂಕಿಯೂ ನಮಗೆ ಅಪಾಯ. ಆಗ ಮೊದಲು ಎತ್ತಿ ಕೂರಿಸಿ, ಮಲಗಿಸಬೇಡಿ. ಬಿಗಿ ಬಟ್ಟೆ ಸಡಿಲ ಮಾಡಿ. ಪೈಪು ಮಡಿಚಿದೆಯಾ, ಚೀಲ ತುಂಬಿದೆಯಾ ನೋಡಿ. ಕಟ್ಟಿದ್ದರೆ ಪೈಪು ಕೂಡಲೇ ಬದಲಾಯಿಸಬೇಕು. ಪೈಪು ಸರಿಯಿದ್ದೂ ಇಳಿಯದಿದ್ದರೆ ಮಲ ಕಟ್ಟಿರಬಹುದು, ಎಲ್ಲಾದರೂ ಹುಣ್ಣಾಗಿರಬಹುದು. ತಡ ಮಾಡದೆ ಆಸ್ಪತ್ರೆಗೆ ಒಯ್ಯಿರಿ. ಇದು ತಲೆನೋವಲ್ಲ. ಉಚ್ಚೆ ತಲೆಗೆ ಕಳಿಸಿದ ಕೊನೇ ಸುದ್ದಿ.

ಇನ್ನೊಬ್ಬ ವಿದ್ಯಾರ್ಥಿ. ರಜೆಯಲ್ಲಿ ಲಾರಿಗೆ ಲೋಡು ಮಾಡೋಕೆ ಹೋಗಿ ಬಿದ್ದವನು. ಆದರೂ ಛಲ ಬಿಡದೆ ಡಿಗ್ರಿಗೆ ಸೇರಿದ. ಕಾಲೇಜಿನಲ್ಲಿ ಗಾಲಿಕುರ್ಚಿ ಒಳಗೆ ಹೋಗೋ ಒಂದು ಪಾಯಖಾನೆ ಇರಲಿಲ್ಲ. ಬಾಗಿಲು ಕಿರಿದು, ಮುಂದೆ ಮೂರು ಮೆಟ್ಟಿಲು. ಪ್ರಿನ್ಸಿಪಾಲರನ್ನು ಕೇಳೋ ಅಂದರೆ 'ಬಿಡ್ರಣ್ಣ, ಹುಡುಗೀರ ಎದುರಿಗೆ ಏನಂತ ಕೇಳಲಿ' ಅಂತಿದ್ದ. ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ನೀರು ಮುಟ್ಟುತ್ತಿರಲಿಲ್ಲ. ಪೈಪೂ ಹಾಕಿಕೊಳ್ತಿರಲಿಲ್ಲ. ಬಾಯಾರಿಕೆಯನ್ನು ನುಂಗಿ ನುಂಗಿ ಎರಡು ವರ್ಷ ಓದಿದ. ಎರಡೂ ಕಿಡ್ನಿ ಊದಿ ಕೂತಿದ್ದು ಗೊತ್ತಾದದ್ದು ಮುಖ ಊದಿಕೊಂಡ ಮೇಲೆ. 2021ರಲ್ಲಿ ತೀರಿಕೊಂಡ. ಅವನ ನೋಟ್ ಪುಸ್ತಕಗಳು ಈಗ ನಮ್ಮಲ್ಲಿ ಒಬ್ಬರ ಮನೆಯಲ್ಲಿವೆ. ಅಕ್ಷರ ದುಂಡಗಿದೆ.

ಹಳ್ಳಿ ಮೇಷ್ಟ್ರುಗಳೇ, ನಿಮ್ಮ ಶಾಲೆಯಲ್ಲಿ ನೀರು ಕುಡಿಯದೆ ಕೂರೋ ಮಗು ಇದೆಯಾ ನೋಡಿ. ಹುಟ್ಟಿನಿಂದಲೇ ಬೆನ್ನುಹುರಿಯ ತೊಂದರೆ ಇರೋ ಮಕ್ಕಳೂ ಇರ್ತಾರೆ. ವಾಸನೆ ಬರುತ್ತೆ ಅಂತ ಹಿಂದಿನ ಬೆಂಚಿಗೆ ತಳ್ಳಿರ್ತೀವಿ.

ಹಿಂದೆ ಎಲ್ಲ ದೇಶದಲ್ಲೂ ನಮ್ಮಂಥವರು ಹೀಗೇ ಸಾಯ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿ ಕಡಿದ ಸಿಪಾಯಿಗಳಲ್ಲಿ ಬಹುಪಾಲು ಜನ ಉಚ್ಚೆಯ ನಂಜಿನಿಂದ, ಹಾಸಿಗೆ ಹುಣ್ಣಿನಿಂದ ಸತ್ತರು. ಯೆಹೂದಿ ಅನ್ನೋ ಕಾರಣಕ್ಕೆ ಹಿಟ್ಲರನ ಜರ್ಮನಿಯಲ್ಲಿ ನೆಲೆ ಕಳಕೊಂಡು, 1939ರಲ್ಲಿ ಇಂಗ್ಲೆಂಡಿಗೆ ಓಡಿಬಂದ ಲುಡ್ವಿಗ್ ಗುಟ್ಮನ್ ಅನ್ನೋ ಡಾಕ್ಟರು 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಎಂಬಲ್ಲಿ ಇವರಿಗಾಗಿಯೇ ಒಂದು ವಾರ್ಡು ತೆರೆದರು. ಹೊತ್ತುಹೊತ್ತಿಗೆ ಮಗ್ಗುಲು ಬದಲಾಯಿಸುವುದು, ಹೊತ್ತುಹೊತ್ತಿಗೆ ಪೈಪು ಹಾಕಿ ಉಚ್ಚೆ ತೆಗೆದು ಪೈಪನ್ನು ಮತ್ತೆ ತೆಗೆದುಬಿಡುವುದು. ಸಾಯೋಕೆ ಬಿಟ್ಟಿದ್ದ ಜನ ಬದುಕಿದರು, ಆಟಕ್ಕೂ ಇಳಿದರು. ಅಂಥವರು ಬಾಣ ಬಿಟ್ಟ ಆಟದಿಂದಲೇ ಇವತ್ತಿನ ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು.

ನಮ್ಮ ಕಡೆಯ ಹೆಸರೂ ಇದೆ. ಮೇರಿ ವರ್ಗೀಸ್ ಎಂಬ ಡಾಕ್ಟರಮ್ಮ 1954ರಲ್ಲಿ ವಾಹನ ಅಪಘಾತದಲ್ಲಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲೇ ಕೂತು ಕುಷ್ಠರೋಗಿಗಳ ಕೈಗೆ ಶಸ್ತ್ರಚಿಕಿತ್ಸೆ ಮಾಡಿದರು. ಅಮೆರಿಕಕ್ಕೆ ಹೋಗಿ ಕಲಿತು ಬಂದು 1966ರಲ್ಲಿ ವೆಲ್ಲೂರಿನಲ್ಲಿ ನಮ್ಮಂಥವರ ಪುನರ್ವಸತಿಗೆ ಆಸ್ಪತ್ರೆ ಕಟ್ಟಿಸಿದರು. ನಮ್ಮ ಬವಣೆಯನ್ನು ನಮ್ಮವರೇ ಬಿಡಿಸಿದ್ದು ಹೀಗೆ.

ಆಮೇಲೆ ಬಂದದ್ದು ನಮಗೆ ಬಹಳ ಮುಖ್ಯವಾದ ಮಾತು. ಗುಟ್ಮನ್ನರ ಕ್ರಮಕ್ಕೆ ಪೂರಾ ಮಡಿ ಬೇಕಿತ್ತು. ಕುದಿಸಿದ ಪೈಪು, ಕೈಗವಸು, ತಿಳಿದ ಕೈ. 1972ರಲ್ಲಿ ಅಮೆರಿಕದ ಮಿಚಿಗನ್ನಿನ ಜ್ಯಾಕ್ ಲ್ಯಾಪಿಡಿಸ್ ಬೇರೆ ಮಾತು ಹೇಳಿದರು. ಮೂತ್ರಕೋಶ ಮಿತಿಮೀರಿ ಹಿಗ್ಗಿದಾಗ ಅದರ ಗೋಡೆಗೆ ರಕ್ತ ಸರಿಯಾಗಿ ಹರಿಯಲ್ಲ, ಆಗಲೇ ಕ್ರಿಮಿ ಬೇರು ಬಿಡೋದು. ಆದ್ದರಿಂದ ಹೊತ್ತಿಗೆ ಸರಿಯಾಗಿ ಖಾಲಿ ಮಾಡೋದೇ ಮುಖ್ಯ. ಸೋಪಿನಲ್ಲಿ ತೊಳೆದ ಕೈ, ಶುಚಿಯಾದ ಪೈಪು ಇದ್ದರೆ ರೋಗಿ ತಾನೇ ಹಾಕಿಕೊಳ್ಳಬಹುದು. ದೊಡ್ಡ ಡಾಕ್ಟರುಗಳು ಮೊದಲು ಒಪ್ಪಲಿಲ್ಲ. ಈಗ ಲೋಕವೆಲ್ಲ ಒಪ್ಪಿದೆ.

ಮಡಿ ಬೇರೆ, ಶುಚಿ ಬೇರೆ. ಇದು ನಮಗೆ ಹೊಸ ಪಾಠವಲ್ಲ. ಮಡಿ ಅಂದರೆ ಯಾರು ಮುಟ್ಟಿದರು ಅನ್ನೋ ಲೆಕ್ಕ. ಶುಚಿ ಅಂದರೆ ಕೈ ತೊಳೆದರಾ ಅನ್ನೋ ಲೆಕ್ಕ. ಮಡಿ ನಮ್ಮನ್ನು ಕೆರೆಯಿಂದ ದೂರ ಇಟ್ಟಿತು. ಶುಚಿ ನಮ್ಮ ಕೈಗೆ ನಮ್ಮ ಜೀವ ಕೊಟ್ಟಿತು.

2016ರಲ್ಲಿ ಬೆಂಗಳೂರಿನ ಒಂದು ಶಿಬಿರದಲ್ಲಿ ನಮಗೆ ಇದನ್ನು ಕಲಿಸಿದವನು ನಮ್ಮ ಹಾಗೇ ಗಾಲಿಕುರ್ಚಿಯವನು. ನಮ್ಮೆದುರೇ ಹೊದಿಕೆ ಎಳಕೊಂಡು ಪೈಪು ಹಾಕಿ ತೋರಿಸಿದ. ಸಾರುವೆಯವನು ಕೇಳಿದ: 'ಅಣ್ಣ, ನಮ್ಮನೇಲಿ ಡೆಟಾಲ್ ಇಲ್ಲ, ಗ್ಲೌಸ್ ಇಲ್ಲ.' ಅವನು ನಕ್ಕ: 'ಸೋಪೈತಾ? ನೀರೈತಾ? ಕೈ ತೊಳ್ಕೊ. ಜಾಗ ತೊಳ್ಕೊ. ಗಡಿಯಾರ ನೋಡ್ಕೊ. ನಾಲ್ಕರಿಂದ ಆರು ಗಂಟೆಗೊಂದು ಸಲ. ಹೊತ್ತು ಮಾತ್ರ ತಪ್ಪಿಸಬೇಡ ಕಣೋ.' ಒಂದು ಸಲಕ್ಕೆ ನಾನೂರೈವತ್ತು ಮಿಲಿ ದಾಟಬಾರದು. ದಾಟಿದರೆ ಮುಂದಿನ ಸರದಿ ಬೇಗ ಮಾಡಬೇಕು. ದಿನಕ್ಕೆ ಎರಡು ಲೀಟರಿನಷ್ಟು ನೀರು ಕುಡಿಯಬೇಕು, ಒಂದೇ ಸಲಕ್ಕಲ್ಲ, ಸ್ವಲ್ಪ ಸ್ವಲ್ಪ. ಹೆಂಗಸರಿಬ್ಬರಿಗೆ ಕನ್ನಡಿ ಹಿಡಿದು ಕಲಿಸಿದವಳು ಒಬ್ಬ ಸಿಸ್ಟರ್. ಪಾಯದ ಮಣ್ಣಿನವಳು ಮೊದಲ ದಿನ ಅತ್ತಳು. 'ನಮ್ಮ ಮೈಯ್ಯನ್ನ ನಾವೇ ನೋಡ್ಕಂಡಿರ್ಲಿಲ್ಲ ಕಣಕ್ಕ' ಅಂದಳು. ಮೂರನೇ ದಿನಕ್ಕೆ ಕನ್ನಡಿ ಬೇಡವಾಯ್ತು, ಬೆರಳೇ ದಾರಿ ಕಂಡುಕೊಂಡಿತು.

ಮಂಡಿಯವನಿಗೆ ಕತ್ತಿನ ಪೆಟ್ಟು, ಬೆರಳು ಮಡಚಲ್ಲ. ಅವನಿಗೆ ಇದು ಆಗಲಿಲ್ಲ. ಹೊಕ್ಕಳ ಕೆಳಗೆ ತೂತು ಮಾಡಿ ಪೈಪು ಇಟ್ಟಿದ್ದಾರೆ. ಅವನಿಗೂ ನಿಯಮ ಇವೆ: ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು, ಜೋಡಣೆ ಸುಮ್ಮನೆ ಬಿಚ್ಚಬಾರದು, ಎಳೆದಾಡದ ಹಾಗೆ ಪೈಪನ್ನು ಮೈಗೆ ಅಂಟಿಸಿಡಬೇಕು. ಮೂತ್ರದ್ವಾರದಿಂದ ಪೈಪು ಹಾಕಿದವರು ಅಂಟಿಸದೆ ಬಿಟ್ಟರೆ ಚೀಲದ ಭಾರಕ್ಕೆ ಮೂತ್ರದ್ವಾರ ಸೀಳಿಹೋಗಬಹುದು. ಶಿಶ್ನ ಉದ್ದಕ್ಕೆ ಸೀಳಿದವರನ್ನು ಆ ಶಿಬಿರದಲ್ಲಿ ನಾವು ಕಂಡಿದ್ದೀವಿ. ಅವರಿಗೂ ನೋವಿರಲಿಲ್ಲ.

ಲೆಕ್ಕದ ಮಾತಾಡೋಣ. ದಿನಕ್ಕೆ ಐದು ಸಲ ಅಂದರೆ ವರ್ಷಕ್ಕೆ 1,825 ಪೈಪು. ಪ್ಯಾಕೆಟಿನ ಮೇಲೆ 2 ಅಂಕಿಗೆ ಗೀಟು ಎಳೆದಿರ್ತಾರೆ. ಎರಡನೇ ಸಲ ಬಳಸಬೇಡ ಅಂತ ಅರ್ಥ. ಬಡವನಿಗೆ ಆ ಗೀಟು ಕಾಣಲ್ಲ. ನಾವು ಒಂದೇ ಪೈಪನ್ನು ಸೋಪಿನಲ್ಲಿ ತೊಳೆದು, ಒಳಗೂ ಹೊರಗೂ ನೀರು ಹಾಯಿಸಿ, ನೆರಳಲ್ಲಿ ಒಣಗಿಸಿ, ಶುಚಿಯಾದ ಡಬ್ಬಿಯಲ್ಲಿಟ್ಟು ಮತ್ತೆ ಬಳಸ್ತೀವಿ. ಇದು ಒಳ್ಳೇದು ಅಂತ ಹೇಳ್ತಿಲ್ಲ. ಹೊಸದು ಕೊಳ್ಳೋಕೆ ಗತಿ ಇಲ್ಲ ಅಂತ ಹೇಳ್ತಿದ್ದೀವಿ.

ಇನ್ನೊಂದು ಮೋಸದ ವಿಷಯ. ಊರಿನ ಖಾಸಗಿ ಡಾಕ್ಟರು ಉಚ್ಚೆ ಟೆಸ್ಟು ಮಾಡಿಸಿ, ಕ್ರಿಮಿ ಇದೆ ಅಂತ ತಿಂಗಳು ತಿಂಗಳು ಆಂಟಿಬಯಾಟಿಕ್ ಕೊಡ್ತಾರೆ. ಒಳಗೆ ಪೈಪು ಇದ್ದ ಮೇಲೆ ಕ್ರಿಮಿ ಇದ್ದೇ ಇರುತ್ತೆ. ಜ್ವರ, ಚಳಿನಡುಕ, ರಕ್ತ, ಇದ್ದಕ್ಕಿದ್ದ ಹಾಗೆ ಕಾಲಿನ ಸೆಳೆತ ಹೆಚ್ಚಾಗೋದು, ಇಂಥವು ಬಂದಾಗ ಔಷಧಿ ಬೇಕು. ಟೆಸ್ಟಿನ ಕಾಗದಕ್ಕೆ ಔಷಧಿ ಕೊಟ್ಟು ಕೊಟ್ಟು ಕ್ರಿಮಿ ಜಗಜಟ್ಟಿಯಾಗುತ್ತೆ. ನಿಜವಾದ ಜ್ವರ ಬಂದ ದಿನ ಯಾವ ಮದ್ದೂ ನಾಟಲ್ಲ.

ಟ್ರ್ಯಾಕ್ಟರಿನವನು ಊರೊಳಗಿನವನು. ನಮ್ಮಲ್ಲಿ ನಾಲ್ವರು ಕೇರಿಯವರು. ಪೈಪು ಬಂದ ಮೇಲೆ ಅವನ ಮನೆಯವರೇ ಅವನನ್ನು ಕೊಟ್ಟಿಗೆಗೆ ಹಾಕಿದರು. ಬೇರೆ ತಟ್ಟೆ, ಬೇರೆ ಲೋಟ. 'ನಿಮ್ಮ ಕೇರಿ ಅಂದ್ರೇನು ಅಂತ ಈಗ ತಿಳೀತು ಕಣ್ರಪ್ಪ' ಅಂತ ಅವನು ನಮ್ಮ ಮುಂದೆ ಅತ್ತ. ಅವನ ಪೈಪು ಬದಲಾಯಿಸಲು ಯಾರೂ ಸಿಗದಿದ್ದಾಗ ಹೋದವಳು ತೆಂಗಿನ ಮರದವನ ಹೆಂಡತಿ. ಗಂಡನದು ಮಾಡಿ ಮಾಡಿ, ಸಿಸ್ಟರ್ ಹತ್ತಿರ ಕೇಳಿ ಕೇಳಿ ಕಲಿತಿದ್ದಳು. ಮೊದಲ ಸಲ ಹಿಂಬಾಗಿಲಿಂದ ಕರೆದರು, ಅವಳು ಹೋದ ಮೇಲೆ ನೀರು ಚಿಮುಕಿಸಿದರು. ಮಗನ ಜೀವ ಅವಳ ಬೆರಳಲ್ಲಿದೆ ಅಂತ ಗೊತ್ತಿದ್ದೂ ಚಿಮುಕಿಸಿದರು. ಮೂರು ತಿಂಗಳಾದ ಮೇಲೆ ಅವನ ತಾಯಿ ಒಳಗಿನ ಲೋಟದಲ್ಲೇ ಕಾಫಿ ಕೊಟ್ಟಳು. ಅಷ್ಟೇ ಆದದ್ದು. ಗುಡಿ ಬಾಗಿಲು ಹಾಗೇ ಇದೆ. ಆದರೆ ಟ್ರ್ಯಾಕ್ಟರಿನವನು ಈಗ ನಮ್ಮ ಕೇರಿಯ ಜಗಲಿ ಮೇಲೆ ಊಟ ಮಾಡ್ತಾನೆ. ಯಾರನ್ನೂ ಕೇಳಲ್ಲ.

ಹೆಂಗಸರ ಕೈಯ ಲೆಕ್ಕ ಯಾರೂ ಹಾಕಲ್ಲ. ನಮ್ಮನ್ನು ಮಗುಚಿ ಮಲಗಿಸೋ ಅವ್ವ, ಚೀಲ ಖಾಲಿ ಮಾಡೋ ಹೆಂಡತಿ, ಶಾಲೆ ಬಿಟ್ಟ ಮಗಳು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಹೆಚ್ಚಿನ ಆಸರೆ ಬೇಕಾದವರ ಆರೈಕೆದಾರರಿಗೆ ಭತ್ಯೆಯ ಮಾತು ಇದೆ. 25ನೇ ಕಲಮಿನಲ್ಲಿ, ಅದರಲ್ಲೂ ಗ್ರಾಮಾಂತರದಲ್ಲಿ, ಹತ್ತಿರದಲ್ಲೇ ಉಚಿತ ಆರೋಗ್ಯ ಸೇವೆ ಕೊಡಬೇಕು ಅಂತ ಇದೆ. ಆದಾಯದ ಮಿತಿ ಇದೆ, ನಮ್ಮ ಆದಾಯ ಯಾವ ಮಿತಿಯನ್ನೂ ದಾಟೋದಿಲ್ಲ. ಕಾಯಿದೆಯನ್ನು ಓದಿದಾಗ ನಮಗೆ ತೆಂಗಿನ ಮರದವನ ಅವ್ವ ದೇವರ ಫೋಟೋ ಹಿಂದೆ ಇಟ್ಟ ಚೀಟಿ ನೆನಪಾಯ್ತು.

ಗೆಳೆಯರೇ, ಸಂಘಟನೆಯವರೇ, ನಾವು ಕೇಳೋದು ದಯೆ ಅಲ್ಲ. ಪ್ರತಿ ಆರೋಗ್ಯ ಕೇಂದ್ರದಲ್ಲಿ 14, 16ರ ಪೈಪು ಇರಲಿ. ಅದನ್ನು ಹಾಕಲು ಕಲಿತ ಒಬ್ಬ ಸಿಸ್ಟರ್ ಇರಲಿ. ತಿಂಗಳ ಮಾಸಾಶನದ ಜೊತೆ ತಿಂಗಳ ಪೈಪೂ ಬರಲಿ. ವರ್ಷಕ್ಕೊಂದು ಸಲ ಕಿಡ್ನಿಯ ಸ್ಕ್ಯಾನು, ರಕ್ತಪರೀಕ್ಷೆ ಪುಕ್ಕಟೆ ಮಾಡಲಿ. ಪ್ರತಿ ಶಾಲೆ, ಕಾಲೇಜಿನಲ್ಲಿ ಗಾಲಿಕುರ್ಚಿ ನುಗ್ಗೋ ಒಂದು ಪಾಯಖಾನೆ ಇರಲಿ. ನಿಮ್ಮ ಸಭೆ, ಸಮ್ಮೇಳನಗಳಲ್ಲೂ ಇರಲಿ. ಕ್ರಾಂತಿಯ ಭಾಷಣ ಕೇಳಲು ಬಂದು ನೀರು ಕುಡಿಯದೆ ಕೂತು ಹೋದವರು ನಾವು.

ತಿಂಗಳ ಮೊದಲ ಭಾನುವಾರ ನಾವು ಆರು ಜನ ಸೇರ್ತೀವಿ. ಒಬ್ಬರ ಚೀಲದ ಬಣ್ಣ ಒಬ್ಬರು ನೋಡ್ತೀವಿ. 'ಏನೋ ಮಂದಗಾಗಿದೆ, ನೀರು ಕುಡೀತಿಲ್ವಾ?' ಅಂತ ಬೈತೀವಿ. ಅತ್ತಿಗೆಯರನ್ನೂ ಕರೆದು ಪೈಪಿನ ಮಡಿಕೆ ಬಿಡಿಸೋದು ತೋರಿಸ್ತೀವಿ. ಉಚ್ಚೆ ಅನ್ನೋ ಮಾತನ್ನು ಗಟ್ಟಿಯಾಗಿ ಆಡ್ತೀವಿ. ಮೊದಮೊದಲು ಮಕ್ಕಳು ನಗ್ತಿದ್ದವು. ಈಗ ಅವೇ ಬಂದು ಹೇಳ್ತಾವೆ, 'ಅಪ್ಪಾ, ನಾಲ್ಕು ಗಂಟೆಯಾಯ್ತು, ಪೈಪು ಹಾಕ್ಕೊ' ಅಂತ.